ಸಿನಿಮಾ ಮನೆ ಕಟ್ಟಿದ ಥಾಮಸ್ ಲ್ಯಾಂಬ್: ನ್ಯೂಯಾರ್ಕಿನಿಂದ ಮುಂಬಯಿ ಮೆಟ್ರೋವರೆಗೆ

ಗಡಿನಾಡಿನ ರಂಗಭೂಮಿ, ಸಿನಿಮಾ ಅಂದಕೂಡಲೇ ನಾವು ಕಂಪನಿಗಳ ಹೆಸರು, ನಟರ ಹೆಸರು ಹೇಳ್ತೀವಿ. ಆದರೆ ಪ್ರೇಕ್ಷಕರು ಕೂತ ಕಟ್ಟಡವನ್ನು ಯಾರು ಕಟ್ಟಿದರು ಅಂತ ಕೇಳೋದು ಕಡಿಮೆ. ಇವತ್ತು ನಾನು ಒಬ್ಬ ವಾಸ್ತುಶಿಲ್ಪಿಯ ವೃತ್ತಿಜೀವನವನ್ನು ಇಟ್ಟುಕೊಂಡು ಆ ಪ್ರಶ್ನೆ ಕೇಳಬೇಕು ಅಂತಿದ್ದೀನಿ. ಅವನು ನಮ್ಮವನಲ್ಲ. ಆದರೂ ಅವನ ಒಂದು ಕಟ್ಟಡ ಮುಂಬಯಿಯೊಳಗಿದೆ. ಸೊಲ್ಲಾಪುರ, ವಿಜಯಪುರ, ಧಾರವಾಡ ಎಲ್ಲಕ್ಕೂ ಆಗ ಮುಂಬಯಿಯೇ ರಾಜಧಾನಿ ನೋಡ್ರಿ.

ಥಾಮಸ್ ಲ್ಯಾಂಬ್ ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡಿಯಲ್ಲಿ. ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದ. ನ್ಯೂಯಾರ್ಕಿನ ಕೂಪರ್ ಯೂನಿಯನ್ನಿನಲ್ಲಿ ಕಲಿತ. ಸ್ವಂತ ಕಚೇರಿ ನಡೆಸುವ ಮೊದಲು ಕೆಲಕಾಲ ನಗರದ ಕಟ್ಟಡ ಇಲಾಖೆಯಲ್ಲಿ ತಪಾಸಣೆ ಅಧಿಕಾರಿಯಾಗಿದ್ದ. ಇದು ಸಣ್ಣ ವಿಷಯವಲ್ಲ. 1903ರಲ್ಲಿ ಶಿಕಾಗೋದ ಇರೊಕ್ವಾ ಥಿಯೇಟರಿಗೆ ಬೆಂಕಿ ಬಿದ್ದು ಆರುನೂರಕ್ಕೂ ಹೆಚ್ಚು ಜನ ಸತ್ತರು. ಥಿಯೇಟರ್ ಅಂದರೆ ಮೊದಲು ಬಾಗಿಲು, ಮೆಟ್ಟಿಲು, ದಾರಿ. ಅಲಂಕಾರ ಆಮೇಲೆ ಅನ್ನೋದನ್ನು ಆ ಕಾಲದ ವಾಸ್ತುಶಿಲ್ಪಿಗಳು ಮರೆಯುವಂತಿರಲಿಲ್ಲ. ತಪಾಸಣೆ ಮಾಡಿದವನಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿತ್ತು ಅಂತ ನನಗನಿಸ್ತದೆ.

ಮೊದಲ ಥಿಯೇಟರ್ ಕೆಲಸ ಸಿಕ್ಕಿದ್ದು ವಿಲಿಯಂ ಫಾಕ್ಸ್‌ನಿಂದ, 1909ರ ಸಿಟಿ ಥಿಯೇಟರ್. 1913ರಲ್ಲಿ ರೀಜೆಂಟ್, 1914ರಲ್ಲಿ ಸ್ಟ್ರ್ಯಾಂಡ್, ಮುಂದೆ ರಿಯಾಲ್ಟೊ, ರಿವೋಲಿ, 1919ರಲ್ಲಿ ಕ್ಯಾಪಿಟಲ್. ಸಿನಿಮಾ ಅಂದರೆ ಅಗ್ಗದ ಕೋಣೆಯ ಮನರಂಜನೆ ಅನ್ನೋ ಭಾವನೆ ಹೋಗಿ, ಅದಕ್ಕೆ ಒಪೆರಾ ಮನೆಯಷ್ಟು ಮರ್ಯಾದೆ ಬರಬೇಕಾದರೆ ಕಟ್ಟಡವೇ ಆ ಕೆಲಸ ಮಾಡಬೇಕಿತ್ತು. ಲ್ಯಾಂಬ್ ಮೊದಲಿಗೆ ತನ್ನ ನಾಡಿನವರೇ ಆದ ಆಡಮ್ ಸಹೋದರರ 18ನೆಯ ಶತಮಾನದ ಶೈಲಿಯನ್ನು ಬಳಸಿದ. ತೆಳುವಾದ ಪ್ಲಾಸ್ಟರ್ ಕೆತ್ತನೆ, ಶಾಂತ ಬಣ್ಣಗಳು. ಸಾಮಾನ್ಯ ಕೂಲಿಕಾರನೂ ಟಿಕೆಟ್ ತೆಗೆದುಕೊಂಡು ಅರಮನೆಯಂಥ ಜಾಗದಲ್ಲಿ ಕೂಡಬಹುದಾಯಿತು. ರಿವೋಲಿಗೆ 1925ರಲ್ಲಿ ಕ್ಯಾರಿಯರ್ ಕಂಪನಿ ಹವಾನಿಯಂತ್ರಣ ಹಾಕಿತು. ಬೇಸಿಗೆಯಲ್ಲಿ ಜನ ಚಿತ್ರಕ್ಕಿಂತ ತಂಪಿಗಾಗಿಯೂ ಒಳಗೆ ಬರತೊಡಗಿದರು.

1920ರ ದಶಕದ ಕೊನೆಗೆ ಶೈಲಿ ಬದಲಾಯಿತು. 1928ರ ಸಿರಾಕ್ಯೂಸ್‌ನ ಲೋಸ್ ಸ್ಟೇಟ್, 1930ರ ನ್ಯೂಯಾರ್ಕಿನ ಲೋಸ್ 175ನೇ ಬೀದಿ ಥಿಯೇಟರ್ ನೋಡಿದರೆ ಭಾರತ, ಪರ್ಷಿಯಾ, ಬೈಜಾಂಟಿಯಂ ಎಲ್ಲಾ ಒಂದೇ ಸೂರಿನಡಿ ಬೆರೆತಿವೆ. ಯಾವ ದೇವಸ್ಥಾನದ ಕಂಬ, ಯಾವ ಮಸೀದಿಯ ಕಮಾನು ಅಂತ ಹುಡುಕಿದರೆ ಸಿಗೋದಿಲ್ಲ. ಅದು ಕಲ್ಪನೆಯ ಪೂರ್ವ. ಅಮೆರಿಕದ ಪ್ರೇಕ್ಷಕನಿಗೆ ಮೂರು ತಾಸು ತನ್ನ ಊರನ್ನು ಮರೆಸೋದು ಅದರ ಕೆಲಸ.

ಈಗ ಮುಂಬಯಿಗೆ ಬರೋಣ. ಲೋಸ್ ಸಂಸ್ಥೆಯದೇ ಆದ ಮೆಟ್ರೋ ಗೋಲ್ಡ್‌ವಿನ್ ಮೇಯರ್ 1935ರಲ್ಲಿ ಕಲ್ಕತ್ತೆಯಲ್ಲಿ, 1938ರ ಜೂನ್‌ನಲ್ಲಿ ಮುಂಬಯಿಯ ಧೋಬಿ ತಲಾವದಲ್ಲಿ ಮೆಟ್ರೋ ಚಿತ್ರಮಂದಿರ ತೆರೆಯಿತು. ಎರಡೂ ಲ್ಯಾಂಬ್ ಅವರ ಕಚೇರಿಯವು. ಮುಂಬಯಿಯಲ್ಲಿ ಸ್ಥಳೀಯ ವಾಸ್ತುಶಿಲ್ಪಿ ಡಿಚ್‌ಬರ್ನ್ ಜೊತೆಗಿದ್ದರು. ಒಳಗಿನ ಗೋಡೆಚಿತ್ರಗಳನ್ನು ಚಾರ್ಲ್ಸ್ ಜೆರಾರ್ಡ್ ಮಾರ್ಗದರ್ಶನದಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಬರೆದರು. ಕುತೂಹಲದ ಸಂಗತಿ ಅಂದ್ರ, ಇಲ್ಲಿ ಸಿರಾಕ್ಯೂಸ್‌ನ ಆ ಪೂರ್ವದ ಅಬ್ಬರವಿಲ್ಲ. ಹೊಸ ಕಾಲದ ಆರ್ಟ್ ಡೆಕೋ, ನೇರ ಗೆರೆಗಳು, ತಂಪು ಗಾಳಿ. ಅಮೆರಿಕನ್ನರಿಗೆ ಭಾರತವನ್ನು ಮಾರಿದ ಕೈ ಭಾರತದವರಿಗೆ ಅಮೆರಿಕವನ್ನು ಮಾರಿತು. ನನ್ನ ವಾದ ಇಷ್ಟೇ: ಚಿತ್ರಮಂದಿರದ ಶೈಲಿ ಕಟ್ಟಿದ ನಾಡಿನ ಗುರುತಾಗಿರಬೇಕಿಲ್ಲ, ಪ್ರೇಕ್ಷಕನಿಗೆ ಯಾವುದು ದೂರದ್ದೋ ಅದನ್ನು ಹತ್ತಿರ ತರೋ ಉಪಾಯವದು.

ಮುಂಬಯಿಯೊಳಗೆ ಲ್ಯಾಂಬ್ ಒಬ್ಬನೇ ಅಲ್ಲ. 1933ರ ರೀಗಲ್ ಚಾರ್ಲ್ಸ್ ಸ್ಟೀವನ್ಸ್ ಅವರದು, 1938ರ ಇರೋಸ್ ಸೊಹ್ರಾಬ್ಜಿ ಭೇಡವಾರ್ ಅವರದು. ಕೊನೆಗೆ 1954ರ ಮಾರ್ಚಿನಲ್ಲಿ ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ಸಮಾರಂಭ ನಡೆದದ್ದು ಮೆಟ್ರೋದಲ್ಲೇ. ಹಾಲಿವುಡ್ಡಿನ ಮನೆ ಹಿಂದಿ ಚಿತ್ರರಂಗದ ಸಭಾಂಗಣವಾಯಿತು.

ಲ್ಯಾಂಬ್ ತೀರಿಕೊಂಡದ್ದು 1942ರಲ್ಲಿ. ಅವನ ದೊಡ್ಡ ಕಟ್ಟಡಗಳಲ್ಲಿ ಹಲವು ಹೋದವು. ಸ್ಯಾನ್ ಫ್ರಾನ್ಸಿಸ್ಕೋದ ಫಾಕ್ಸ್ 1963ರಲ್ಲಿ ನೆಲಸಮವಾಯಿತು. ಕೊಲಂಬಸ್ ನಗರದ ಓಹಾಯೋ ಥಿಯೇಟರನ್ನು ಮಾತ್ರ 1969ರಲ್ಲಿ ಊರಿನವರೇ ಹಣ ಕೂಡಿಸಿ ಉಳಿಸಿಕೊಂಡರು. ಟೊರಂಟೋದಲ್ಲಿ ಒಂದರ ಮೇಲೊಂದು ಕಟ್ಟಿದ ಎಲ್ಗಿನ್ ಮತ್ತು ವಿಂಟರ್ ಗಾರ್ಡನ್ ಜೋಡಿಯಲ್ಲಿ ಮೇಲಿನದು 1928ರಲ್ಲಿ ಮುಚ್ಚಿ, ಮತ್ತೆ 1989ರಲ್ಲಿ ತೆರೆಯಿತು. ಕಟ್ಟಡ ಹೋದರೂ ಇಷ್ಟು ಮಾತಾಡಲಿಕ್ಕೆ ಆಗ್ತಿರೋದು ಅವನ ಕಚೇರಿಯ ನಕ್ಷೆಗಳು ಕೊಲಂಬಿಯಾ ವಿಶ್ವವಿದ್ಯಾಲಯದ ಏವರಿ ಗ್ರಂಥಾಲಯದಲ್ಲಿ ಉಳಿದಿರೋದರಿಂದ.

ನಮ್ಮ ಕಡೆ ಅಂಥ ಕಾಗದ ಇದ್ದರೆ ಎಲ್ಲಿರಬಹುದು? 1918ರ ಸಿನಿಮಾಟೋಗ್ರಾಫ್ ಕಾಯ್ದೆಯಿಂದಾಗಿ ಟಾಕೀಸಿಗೆ ಪರವಾನಗಿ ಕಡ್ಡಾಯ. ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡ್ತಿದ್ದರು. ಅಂದರೆ ಹುಡುಕಾಟ ಶುರುವಾಗಬೇಕಾದ್ದು ಜಿಲ್ಲಾ ಕಚೇರಿಯ ಕಡತಗಳಿಂದ. ಇಲ್ಲೊಂದು ತೊಡಕು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿದ್ದು ಆಂಧ್ರಕ್ಕೆ ಸೇರಿದವು. 1956ರಲ್ಲಿ ವಿಜಯಪುರ ಮೈಸೂರು ರಾಜ್ಯಕ್ಕೆ ಬಂದಾಗ ಸೊಲ್ಲಾಪುರ ಮುಂಬಯಿಯಲ್ಲೇ ಉಳಿಯಿತು. ಗಡಿ ಸರಿದ ಮೇಲೆ ಹಳೆಯ ಕಡತ ಯಾವ ಕಚೇರಿಯಲ್ಲಿ ಉಳಿಯಿತು ಅನ್ನೋದನ್ನು ಊರೂರಿಗೆ ಹೋಗಿ ವಿಚಾರಿಸಬೇಕು.

ವಿದ್ಯಾರ್ಥಿಗಳಿಗೆ ನನ್ನದೊಂದು ವಿನಂತಿ. ನಿಮ್ಮೂರಿನ ಟಾಕೀಸು ಕೆಡವೋ ಮೊದಲು ಅದರ ಫೋಟೋ ತೆಗೀರಿ, ಬಾಲ್ಕನಿ, ಪ್ರೊಜೆಕ್ಟರ್ ಕೋಣೆ, ಹೊರಬಾಗಿಲಿನ ಅಳತೆ ಬರೆದಿಡ್ರಿ. ಮೇಸ್ತ್ರಿ ಯಾರು, ಎಂಜಿನಿಯರ್ ಯಾರು ಅಂತ ಹಿರಿಯರನ್ನು ಕೇಳ್ರಿ. ಕನ್ನಡ ಸಿನಿಮಾ ನೋಡಲು ಗಡಿಯಾಚೆಯ ಜನ ಯಾವ ಮನೆಯಲ್ಲಿ ಕೂತಿದ್ದರು ಅನ್ನೋದೂ ಕನ್ನಡದ ಇತಿಹಾಸವೇ.