ಮಡಚುವ ಚಾಕುವಿನ ಕೀಲುಮೊಳೆ

ಮಡಚುವ ಚಾಕುವಿನ ಕೀಲುಮೊಳೆಯು ಅಲಗನ್ನು ಹಿಡಿಗೆ ಜೋಡಿಸುವ ಹಾಗೂ ಅಲಗು ತಿರುಗಲು ಅಕ್ಷವಾಗುವ ಲೋಹದ ಸಣ್ಣ ಕಡ್ಡಿ. ಆಡುಮಾತಿನಲ್ಲಿ ಇದನ್ನು ಪಿನ್ನು ಅಥವಾ ರಿವೀಟು ಎನ್ನುತ್ತಾರೆ. ಅಗ್ಗದ ಚಾಕುಗಳಲ್ಲಿ ಅನೇಕ ವೇಳೆ ಅಲಗಿಗಿಂತ ಮೊದಲು ಕೆಡುವ ಭಾಗ ಇದೇ. ಮೊಳೆ ಸಡಿಲವಾದರೆ ಅಲಗು ಅತ್ತಿತ್ತ ಅಲುಗಾಡುತ್ತದೆ. ತುಂಡಾದರೆ ಅಲಗು ಹಿಡಿಯಿಂದ ಕಳಚಿಕೊಂಡು ಕೈಗೆ ಗಾಯವಾಗಬಹುದು. ಅಲಗು ಮತ್ತು ಹಿಡಿ ಗಟ್ಟಿಯಾಗಿದ್ದಲ್ಲಿ ಮೊಳೆಯೊಂದನ್ನೇ ಬದಲಿಸಿ ಚಾಕುವನ್ನು ಮತ್ತೆ ಬಳಕೆಗೆ ತರಬಹುದು.

ಹಿನ್ನೆಲೆ

ಮಡಚುವ ಚಾಕು ಪ್ರಾಚೀನ ಸಾಧನ. ರೋಮನ್ ಸಾಮ್ರಾಜ್ಯದ ಕಾಲದ ಇಂತಹ ಚಾಕುಗಳು ಯುರೋಪಿನಲ್ಲಿ ದೊರೆತಿವೆ. ಫ್ರಾನ್ಸಿನ ಸವಾಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ, ಮರದ ಹಿಡಿಯ ಸರಳ ಚಾಕು ರೈತರಲ್ಲಿ ಜನಪ್ರಿಯವಾಯಿತು. ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ತಿರುಗುಬಳೆಯನ್ನು ಅದಕ್ಕೆ 1955ರಲ್ಲಿ ಅಳವಡಿಸಲಾಯಿತು. ಭಾರತದಲ್ಲಿ ಉತ್ತರ ಪ್ರದೇಶದ ರಾಂಪುರ ಮಡಚುವ ಚಾಕುವಿಗೆ ಹೆಸರಾದ ಊರು.

ವಿಜಯನಗರ ಜಿಲ್ಲೆಯ ತಾಲೂಕುಗಳಲ್ಲಿ

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳಲ್ಲಿ ಮಳೆಯಾಶ್ರಿತ ಬೇಸಾಯ ಹಾಗೂ ಕುರಿ ಸಾಕಣೆ ಮುಖ್ಯ ಕಸುಬುಗಳು. ಹಗ್ಗ ಕತ್ತರಿಸಲು, ಚೀಲದ ಹೊಲಿಗೆ ಬಿಚ್ಚಲು, ಕುರಿಗಳಿಗೆ ಎಳೆಯ ರೆಂಬೆ ಸವರಲು ಜೇಬಿನಲ್ಲಿ ಹಿಡಿಸುವ ಚಾಕು ಅನುಕೂಲ. ವಾರದ ಸಂತೆಗಳಲ್ಲಿ ಮತ್ತು ಕೊಟ್ಟೂರು, ಮೈಲಾರಗಳಂತಹ ದೊಡ್ಡ ಜಾತ್ರೆಗಳಲ್ಲಿ ಅಗ್ಗದ ಚಾಕುಗಳು ಸಿಗುತ್ತವೆ. ಇವುಗಳ ದುರಸ್ತಿಗೆ ಬೇಕಾದ ಕೌಶಲ ಹಳ್ಳಿಯ ಕುಲುಮೆಗೆ ಹೊಸದಲ್ಲ. ಎರಡು ತೋಳುಗಳನ್ನು ಒಂದೇ ಮೊಳೆಯಿಂದ ಕೂಡಿಸಿದ ಅಡಕೊತ್ತಿನ ಕೀಲನ್ನು ಕಮ್ಮಾರರು ಬಿಗಿಗೊಳಿಸುವ ಕ್ರಮವೇ ಇಲ್ಲಿಯೂ ಅನ್ವಯಿಸುತ್ತದೆ.

ದೋಷದ ಕಾರಣಗಳು

ಅಗ್ಗದ ಚಾಕುಗಳಲ್ಲಿ ತೆಳುವಾದ ಮೆದು ಉಕ್ಕು, ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಮೊಳೆಗಳಿರುತ್ತವೆ. ರಂಧ್ರ ಮೊಳೆಗಿಂತ ದೊಡ್ಡದಾಗಿದ್ದರೆ ಪ್ರತಿ ಬಾರಿ ಬಳಸುವಾಗಲೂ ಮೊಳೆ ಅಲುಗಿ ಸವೆಯುತ್ತದೆ, ರಂಧ್ರವೂ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನೇರವಾಗಿ ಕೊಯ್ಯುವಾಗ ಕೀಲಿನ ಮೇಲೆ ಬೀಳುವ ಹೊರೆ ಕಡಿಮೆ. ಅಲಗನ್ನು ಸನ್ನೆಯಂತೆ ಬಳಸಿ ಮೀಟಿದಾಗ ಅಥವಾ ತಿರುಚಿದಾಗ ಮೊಳೆ ಬಾಗುತ್ತದೆ, ಇಲ್ಲವೇ ಅದರ ತಲೆ ಕಿತ್ತುಬರುತ್ತದೆ.

ಮೊಳೆಯ ದಪ್ಪ ಮತ್ತು ಬಲ

ಒಂದೇ ಲೋಹದ ಮೊಳೆಗಳಲ್ಲಿ ಕತ್ತರಿಸುವ ಬಲವನ್ನು ತಡೆಯುವ ಶಕ್ತಿ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಅನುಗುಣವಾಗಿರುತ್ತದೆ. 2 ಮಿ.ಮೀ. ವ್ಯಾಸದ ಮೊಳೆಯ ವಿಸ್ತೀರ್ಣ 3.14 ಚದರ ಮಿ.ಮೀ., 3 ಮಿ.ಮೀ. ಮೊಳೆಯದು 7.07 ಚದರ ಮಿ.ಮೀ. ಹೀಗಾಗಿ ಎರಡನೆಯದು 2.25 ಪಟ್ಟು ಬಲವಾದುದು. ಬಾಗುವಿಕೆಯನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾದ್ದರಿಂದ ಅದು ಸುಮಾರು 3.4 ಪಟ್ಟು ಹೆಚ್ಚುತ್ತದೆ.

ಆದರೆ ರಂಧ್ರ ದೊಡ್ಡದಾದಷ್ಟೂ ಅದರ ಸುತ್ತ ಉಳಿಯುವ ಲೋಹ ಕಡಿಮೆಯಾಗುತ್ತದೆ. ರಂಧ್ರದ ನಡುಬಿಂದುವಿನಿಂದ ಅಂಚಿಗೆ ಮೊಳೆಯ ವ್ಯಾಸದ ಒಂದೂವರೆ ಪಟ್ಟಾದರೂ ಅಂತರವಿರಬೇಕೆಂಬುದು ರಿವೀಟು ಕೆಲಸದ ಸಾಮಾನ್ಯ ನಿಯಮ. 3 ಮಿ.ಮೀ. ಮೊಳೆಗೆ ಈ ಅಂತರ 4.5 ಮಿ.ಮೀ. ಅಷ್ಟು ಜಾಗವಿಲ್ಲದಿದ್ದರೆ ದಪ್ಪ ಮೊಳೆ ಹಾಕಿದಾಗ ಮುರಿಯುವ ಸ್ಥಳ ಮೊಳೆಯಿಂದ ಅಲಗಿನ ಬುಡಕ್ಕೆ ವರ್ಗವಾಗುತ್ತದೆಯೇ ಹೊರತು ಚಾಕು ಗಟ್ಟಿಯಾಗುವುದಿಲ್ಲ.

ದುರಸ್ತಿಯ ಕ್ರಮ

1. ಅಲಗಿನ ಬಾಯಿಗೆ ದಪ್ಪ ಬಟ್ಟೆ ಅಥವಾ ಪಟ್ಟಿ ಸುತ್ತಿ, ಮೊಳೆಯ ಒಂದು ತಲೆಯನ್ನು ಅರದಿಂದ ಉಜ್ಜಿ ತೆಗೆಯಲಾಗುತ್ತದೆ. ನಂತರ ತೆಳುವಾದ ಪಂಚಿನಿಂದ ಮೊಳೆಯನ್ನು ಹೊರದೂಡಲಾಗುತ್ತದೆ. ಹಿಡಿಯೊಳಗೆ ಸ್ಪ್ರಿಂಗ್ ಪಟ್ಟಿ ಇದ್ದರೆ ಅದು ಸಿಡಿಯದಂತೆ ಹಿಡಿದುಕೊಳ್ಳಬೇಕು.

2. ಮೊಟ್ಟೆಯಾಕಾರವಾದ ರಂಧ್ರವನ್ನು ಗುಂಡಗೆ ಕೊರೆದು ಹೊಸ ಮೊಳೆಗೆ ಹೊಂದಿಸಲಾಗುತ್ತದೆ. ಹದಗೊಳಿಸಿದ ಅಲಗನ್ನು ಸಾಮಾನ್ಯ ಡ್ರಿಲ್ ಕೊರೆಯದು. ಅದಕ್ಕೆ ಕಾರ್ಬೈಡ್ ಬಿಟ್ ಅಥವಾ ವಜ್ರದ ಪುಡಿ ಲೇಪಿಸಿದ ಅರ ಬೇಕಾಗುತ್ತದೆ. ಅಲಗನ್ನು ಪೂರ್ತಿಯಾಗಿ ಕಾಯಿಸಿ ಮೆದುಗೊಳಿಸಿದರೆ ಬಾಯಿಯ ಹದ ಹೋಗಿ ಹರಿತ ನಿಲ್ಲುವುದಿಲ್ಲ.

3. ಹೊಸ ಮೊಳೆಗೆ ಮೆದು ಉಕ್ಕಿನ ತಂತಿ ಸೂಕ್ತ. 11 ಗೇಜಿನ ತಂತಿ ಸುಮಾರು 2.95 ಮಿ.ಮೀ., 10 ಗೇಜಿನದು 3.25 ಮಿ.ಮೀ. ದಪ್ಪವಿರುತ್ತದೆ. ಗಡುಸಾಗಿ ಹದಗೊಳಿಸಿದ ಉಕ್ಕಿನಲ್ಲಿ ತಲೆ ಕಟ್ಟಲು ಹೋದರೆ ಬಿರುಕು ಬೀಳುತ್ತದೆ.

4. ಅಲಗಿನ ಎರಡೂ ಬದಿಗೆ ತೆಳುವಾದ ಹಿತ್ತಾಳೆ ಅಥವಾ ಕಂಚಿನ ವಾಷರ್ ಇಟ್ಟು ಮೊಳೆ ತೂರಿಸಿ, ಪ್ರತಿ ಕಡೆಯೂ ವ್ಯಾಸದ ಸುಮಾರು ಅರ್ಧದಷ್ಟು ಹೊರಗುಳಿಯುವಂತೆ ಕತ್ತರಿಸಬೇಕು.

5. ಅಡಿಗಲ್ಲಿನ ಮೇಲಿಟ್ಟು, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನ ಸುತ್ತ ಹಗುರವಾಗಿ ಬಡಿದು ಎರಡೂ ಕಡೆ ತಲೆ ಕಟ್ಟಲಾಗುತ್ತದೆ. ಜೋರಾಗಿ ಒಂದೇ ಏಟು ಹಾಕಿದರೆ ಮೊಳೆ ಒಳಗೇ ಬಾಗುತ್ತದೆ. ಅಲಗು ಬಿಗಿದುಕೊಳ್ಳದಂತೆ ಬಡಿಯುವಾಗ ನಡುವೆ ಕಾಗದದ ಚೂರನ್ನಿಟ್ಟು ಆಮೇಲೆ ತೆಗೆಯುವ ರೂಢಿಯಿದೆ.

ಸ್ಕ್ರೂ ಬಳಕೆ

ಮೊಳೆಗೆ ಬದಲಾಗಿ ಸ್ಕ್ರೂ ಮತ್ತು ನಟ್ ಹಾಕಿದರೆ ಸಡಿಲವಾದಾಗಲೆಲ್ಲ ಬಿಗಿಗೊಳಿಸಬಹುದು. ನೈಲಾನ್ ಬಳೆಯಿರುವ ನಟ್ ತಾನಾಗಿ ಸಡಿಲವಾಗುವುದು ಕಡಿಮೆ. ಆದರೆ 3 ಮಿ.ಮೀ. ಸ್ಕ್ರೂವಿನಲ್ಲಿ ಮರೆಯ ತಳದ ವ್ಯಾಸ ಸುಮಾರು 2.4 ಮಿ.ಮೀ. ಮಾತ್ರ. ಆದ್ದರಿಂದ ಮರೆಯಿರುವ ಭಾಗ ಅಲಗಿನ ರಂಧ್ರದೊಳಗೆ ಬಂದರೆ ಬಲ ಕುಗ್ಗುತ್ತದೆ. ಮರೆಯ ಏಣುಗಳು ರಂಧ್ರವನ್ನೂ ಸವೆಸುತ್ತವೆ. ಅಲಗು ಕೂರುವ ಜಾಗದಲ್ಲಿ ನುಣುಪಾಗಿರುವ ಸ್ಕ್ರೂ ಉತ್ತಮ.

ಮಿತಿಗಳು ಮತ್ತು ಸುರಕ್ಷತೆ

ಕೀಲು ಗಟ್ಟಿಯಾದ ಮಾತ್ರಕ್ಕೆ ಚಾಕುವಿನ ಬೀಗ ಗಟ್ಟಿಯಾಗುವುದಿಲ್ಲ. ಬೀಗವಿಲ್ಲದ ಅಥವಾ ಬೀಗ ಸವೆದ ಚಾಕು ದುರಸ್ತಿಯ ನಂತರವೂ ಒತ್ತಡಕ್ಕೆ ಮಡಚಿಕೊಳ್ಳಬಹುದು. ಅಲಗಿನ ಬುಡದಲ್ಲಿ ಬಿರುಕಿದ್ದರೆ ದುರಸ್ತಿ ಮಾಡದಿರುವುದೇ ಸೂಕ್ತ. ಕೆಲಸ ಮುಗಿದ ಮೇಲೆ ಬಾಯಿಗೆ ಬಟ್ಟೆ ಸುತ್ತಿಯೇ ಅಲಗನ್ನು ಅಕ್ಕಪಕ್ಕಕ್ಕೆ ಅಲುಗಾಡಿಸಿ ಪರೀಕ್ಷಿಸಬೇಕು. ಕೀಲಿಗೆ ಆಗಾಗ ಒಂದು ಹನಿ ಎಣ್ಣೆ ಬಿಟ್ಟು, ಚಾಕುವನ್ನು ಮೀಟಲು ಬಳಸದಿದ್ದರೆ ಹೊಸ ಮೊಳೆ ಬಹುಕಾಲ ಬಾಳುತ್ತದೆ.