ಅಂಗಡಿಗೆ ಮಳೆನೀರು ನುಗ್ಗಿದ್ರೆ ವಿಮೆ ಸಿಗುತ್ತಾ? ಇಲ್ಲಿದೆ ವಿವರ

ಸಿಗುತ್ತೆ. ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಆದೇಶದಂತೆ 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಮಾಡುವ ಎಲ್ಲ ಕಂಪನಿಗಳೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಮನೆಗೆ ‘ಭಾರತ್ ಗೃಹ ರಕ್ಷಾ’, ಒಂದೇ ಜಾಗದಲ್ಲಿ 5 ಕೋಟಿ ರೂ.ವರೆಗಿನ ಆಸ್ತಿ ಇರುವ ಅಂಗಡಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಕೊಡಲೇಬೇಕು. ಬೆಂಕಿ ವಿಮೆ ಅಂತ ಕರೆದರೂ ಪ್ರವಾಹವೂ ಇದರಲ್ಲೇ ಬರುತ್ತೆ.

ಅಂಗಡಿಯವರು ಎಡವೋದು ಸ್ಟಾಕ್ ಲೆಕ್ಕದಲ್ಲಿ. ಪ್ರೀಮಿಯಂ ಉಳಿಸೋಕೆ 10 ಲಕ್ಷದ ಮಾಲಿಗೆ 5 ಲಕ್ಷ ಅಂತ ಬರೆಸಿದ್ರೆ, 2 ಲಕ್ಷದ ಮಾಲು ನೆನೆದಾಗ ಕೈಗೆ ಬರೋದು ಹೆಚ್ಚೆಂದರೆ 1 ಲಕ್ಷ. ಕೊರತೆ ಶೇ 15ರೊಳಗಿದ್ದರೆ ಮಾತ್ರ ಈ ಕಡಿತ ಇಲ್ಲ. ಸಾಲ ಕೊಟ್ಟ ಬ್ಯಾಂಕೇ ವಿಮೆ ಮಾಡಿಸಿದ್ದರೆ ಪಾಲಿಸಿ ಕಾಪಿ ಕೇಳಿ ತಗೊಳ್ಳಿ. ಗೋಡೌನ್ ಬೇರೆ ಕಡೆ ಇದ್ದರೆ ಅದರ ವಿಳಾಸವೂ ಅದರಲ್ಲಿರಬೇಕು. ನೀರು ಇಳಿದ ಮೇಲೆ ತೊಳೆಯೋಕೆ ಮೊದಲು ಫೋಟೊ ತೆಗೆದು, ಕಂಪನಿಗೆ ತಕ್ಷಣ ತಿಳಿಸಿ.