ಕ್ಯಾಸ್ಕಡೂರದ ಋಣ

ಅನ್ನದ ಋಣ, ನೀರಿನ ಋಣ ಎಂಬ ಮಾತು ನಮಗೆ ಹೊಸದಲ್ಲ. ವೆನೆಜುವೆಲಾ ಕರಾವಳಿಗೆ ಸಮೀಪದ ಟ್ರಿನಿಡಾಡ್ ದ್ವೀಪದಲ್ಲಿ ಮೀನಿನ ಋಣವೂ ಒಂದುಂಟು. ಕ್ಯಾಸ್ಕಡೂರ ಎಂಬ ಮೀನನ್ನು ಅಲ್ಲಿ ಒಮ್ಮೆ ತಿಂದವರು ಜಗತ್ತಿನ ಯಾವ ಮೂಲೆಗೆ ಹೋದರೂ ಕೊನೆಗಾಲಕ್ಕೆ ಟ್ರಿನಿಡಾಡಿಗೇ ಮರಳುತ್ತಾರೆ ಎಂಬುದು ಆ ನಾಡಿನ ನಂಬಿಕೆ.

ಇಷ್ಟು ದೊಡ್ಡ ಹೊಣೆ ಹೊತ್ತ ಈ ಮೀನು ನೋಟಕ್ಕೆ ಸುಂದರವೇನಲ್ಲ. ದಕ್ಷಿಣ ಅಮೆರಿಕದ ಉಷ್ಣವಲಯದ ನದಿ, ಜೌಗುಗಳಲ್ಲಿ ಬದುಕುವ, ಮೀಸೆಯುಳ್ಳ ಕ್ಯಾಟ್‌ಫಿಶ್ ಜಾತಿಯ ಮೀನು ಇದು. ಮೈಯ ಎರಡೂ ಪಕ್ಕಗಳಲ್ಲಿ ಹೆಂಚು ಹೊದಿಸಿದಂತೆ ಎರಡೆರಡು ಸಾಲು ಮೂಳೆಯ ಬಿಲ್ಲೆಗಳು. 'ಗಟ್ಟಿ ಸಿಪ್ಪೆ' ಎಂಬುದೇ ಅದರ ಹೆಸರಿನ ಅರ್ಥ. ವಿಜ್ಞಾನಿಗಳು ಇದನ್ನು ಹಾಪ್ಲೋಸ್ಟರ್ನಮ್ ಲಿಟ್ಟೊರೇಲೆ ಎನ್ನುತ್ತಾರೆ. ಮೊದಲು ವಿವರಿಸಿದವನು ಜಾನ್ ಹ್ಯಾನ್‌ಕಾಕ್, 1828ರಲ್ಲಿ. ಕೆಸರು ನೀರಿನಲ್ಲಿ ಆಮ್ಲಜನಕ ಸಾಲದಾದಾಗ ಈ ಮೀನು ಮೇಲೆ ಬಂದು ಗಾಳಿಯನ್ನು ನುಂಗಿ, ಕರುಳಿನ ಮೂಲಕ ಉಸಿರಾಡುತ್ತದೆ. ನೊರೆ ಮತ್ತು ಹುಲ್ಲುಕಡ್ಡಿಗಳಿಂದ ತೇಲುವ ಗೂಡು ಕಟ್ಟಿ ಮೊಟ್ಟೆ ಕಾಯುವುದು ಗಂಡಿನ ಕೆಲಸ.

ಈ ಮೀನಿನ ನಾಡಿಗೆ ಭಾರತೀಯರು ಬಂದದ್ದು ಕಬ್ಬಿನ ಕಾರಣದಿಂದ. 1830ರ ದಶಕದಲ್ಲಿ ಗುಲಾಮಗಿರಿ ರದ್ದಾದ ಮೇಲೆ ಟ್ರಿನಿಡಾಡಿನ ತೋಟದ ಧಣಿಗಳಿಗೆ ಅಗ್ಗದ ಆಳುಗಳು ಬೇಕಾಗಿದ್ದರು. ಕಲ್ಕತ್ತೆಯಿಂದ ಹೊರಟ 'ಫತೇಲ್ ರಜಾಕ್' ಹಡಗು 1845ರ ಮೇ 30ರಂದು ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿ ಇಳಿಸಿತು. 1917ರ ವೇಳೆಗೆ ಹೀಗೆ ಬಂದವರ ಸಂಖ್ಯೆ 1.4 ಲಕ್ಷ ದಾಟಿತ್ತು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರಗಳವರು. ಮದ್ರಾಸಿನಿಂದ ಹೋದವರೂ ಇದ್ದರು.

ಕರಾರು ಮುಗಿದ ಮೇಲೆ ಊರಿಗೆ ಮರಳಲು ಅವಕಾಶವಿತ್ತು. ಆದರೂ ಬಹುಪಾಲು ಮಂದಿ ಮರಳಲಿಲ್ಲ. 1869ರಿಂದ ಕೆಲವು ವರ್ಷ ಸರ್ಕಾರವೇ, ವಾಪಸಾಗುವ ಹಡಗಿನ ಪ್ರಯಾಣದ ಹಕ್ಕು ಬಿಟ್ಟುಕೊಟ್ಟವರಿಗೆ ಜಮೀನು ಕೊಟ್ಟಿತು. ಸರ್ಕಾರಕ್ಕೆ ಪ್ರಯಾಣದ ಖರ್ಚು ಉಳಿಯಿತು; ಧಣಿಗಳಿಗೆ ಆಳುಗಳು ಕೈಗೆಟಕುವ ದೂರದಲ್ಲೇ ಉಳಿದರು. ಕೂಲಿಯವನ ಕೈಗೆ ತುಂಡು ನೆಲ ಬಂತು, ಊರಿನ ದಾರಿ ಮುಚ್ಚಿತು. ಜೌಗಿನ ಅಂಚಿನಲ್ಲಿ ಅವರು ಭತ್ತ ಬೆಳೆದರು. ಅದೇ ಕೆಸರಿನ ಕ್ಯಾಸ್ಕಡೂರ ಮಸಾಲೆಯೊಡನೆ ಅವರ ಪಾತ್ರೆ ಸೇರಿತು. ಮೀನನ್ನು ಕವಚ ಸಮೇತ ಬೇಯಿಸಿ, ತಿನ್ನುವಾಗ ಬಿಡಿಸುವುದು ಅಲ್ಲಿನ ರೂಢಿ. ಕ್ಯಾಸ್ಕಡೂರದ ಕರಿ ಇಂದು ಟ್ರಿನಿಡಾಡಿನ ಹೆಮ್ಮೆಯ ಅಡುಗೆ.

ಅವರನ್ನು ಅಲ್ಲಿ ಕಟ್ಟಿಹಾಕಿದ್ದು ಮೀನಲ್ಲ, ಕರಾರುಪತ್ರ ಮತ್ತು ಮಣ್ಣು ಎನ್ನಬಹುದು. ಆದರೆ ಮೊಮ್ಮಕ್ಕಳ ಕಾಲಕ್ಕೆ ಕರಾರು ಮರೆತುಹೋಗುತ್ತದೆ, ನಾಲಗೆಯ ರುಚಿ ಉಳಿಯುತ್ತದೆ. ಹೊಟ್ಟೆಪಾಡಿಗೆ ಲಂಡನ್, ಟೊರಾಂಟೊಗಳಿಗೆ ಹೋದ ಮುಂದಿನ ಪೀಳಿಗೆಗೆ ತವರೆಂದರೆ ಗಂಗಾತೀರವಲ್ಲ, ಟ್ರಿನಿಡಾಡ್.

ಮದ್ರಾಸ್ ಮೂಲದ ತಂದೆಗೆ 1923ರಲ್ಲಿ ಟ್ರಿನಿಡಾಡಿನಲ್ಲಿ ಹುಟ್ಟಿದ ಕಾದಂಬರಿಕಾರ ಸ್ಯಾಮ್ ಸೆಲ್ವನ್ ಇಂಥವರಲ್ಲೊಬ್ಬ. 1950ರಲ್ಲಿ ಲಂಡನ್ನಿಗೆ, ಆಮೇಲೆ ಕೆನಡಾಕ್ಕೆ ಹೋಗಿ ನೆಲೆಸಿದ. 1972ರಲ್ಲಿ ಪ್ರಕಟವಾದ ಆತನ ಕಾದಂಬರಿಯೊಂದರ ಹೆಸರು 'ಕ್ಯಾಸ್ಕಡೂರ ತಿನ್ನುವವರು'. ನಾಲ್ಕು ದಶಕಗಳ ಕಾಲ ಪರದೇಶದಲ್ಲಿ ಬಾಳಿದ ಸೆಲ್ವನ್, 1994ರ ಏಪ್ರಿಲ್‌ನಲ್ಲಿ ಟ್ರಿನಿಡಾಡಿಗೆ ಬಂದಿದ್ದಾಗ ಅಲ್ಲಿಯೇ ತೀರಿಕೊಂಡ.